ಮಾಳಿಗೆ ಹೊಲಿದವಳು

ನನ್ನ ಅವ್ವನದು ಎಂದು ನನ್ನ ಹತ್ತಿರ ಇರುವುದು ಒಂದೇ ಒಂದು ನೆನಪು. ಅದನ್ನೂ ಕಸಿದುಕೊಳ್ಳಲು ನಮ್ಮ ಮನೆಯವರು ವರ್ಷಗಟ್ಟಲೆ ನೋಡಿದರು. ಹೊಡೆದು ಬಡಿದು ಅಲ್ಲ, ನಕ್ಕು. ಜಗಳವಾಡಿ ಕಸಿದುಕೊಂಡದ್ದನ್ನು ಜಗಳವಾಡಿ ವಾಪಸು ಪಡೆಯಬಹುದು, ನಕ್ಕು ಕಸಿದುಕೊಂಡದ್ದನ್ನು ಹೇಗೆ ಕೇಳುವುದು? ನೆನಪು ಇಷ್ಟೇ: ನಾನು ತೊಡೆಯೊಂದರ ಮೇಲೆ ಅಂಗಾತ ಮಲಗಿದ್ದೇನೆ. ಮಾಳಿಗೆ, ಎಂದರೆ ತಲೆಯ ಮೇಲಿನ ಛಾವಣಿ, ಬಹಳ ಕೆಳಗೆ, ಮುಖದ ಹತ್ತಿರವೇ ಇದೆ. ಹಸಿರು ಬಳೆಯ ಕೈಯೊಂದು ಸೂಜಿ ಹಿಡಿದು ಆ ಮಾಳಿಗೆಯನ್ನು ಹೊಲಿಯುತ್ತಿದೆ. ಕೆಂಪು ದಾರ. ದಾರದ ತುದಿ ಇಳಿದು ನನ್ನ ಮೂಗಿಗೆ ತಾಗುತ್ತದೆ, ಕಚಗುಳಿಯಾಗಿ ನಾನು ನಗುತ್ತೇನೆ, ನನ್ನ ಕೆಳಗೆ ಆ ತೊಡೆಯೂ ನಕ್ಕು ಅಲುಗಾಡುತ್ತದೆ. ಮುಖ ಮಾತ್ರ ಇಲ್ಲ. ಎಷ್ಟು ಹಟ ಹಿಡಿದು ನೆನೆದರೂ ನನ್ನ ಕತ್ತು ಆ ಕಡೆ ಹೊರಳುವುದಿಲ್ಲ. ಎರಡನೆಯ ಹೆರಿಗೆಯಲ್ಲಿ ಅವ್ವ ತೀರಿಕೊಂಡಾಗ ನನಗೆ ಮೂರು ವರ್ಷವೂ ತುಂಬಿರಲಿಲ್ಲ. ಅವಳ ಫೋಟೋ ಅಂತ ಮನೆಯಲ್ಲಿ ಒಂದೂ ಇರಲಿಲ್ಲ.

ನಾನು ಬೆಳೆದದ್ದು ಸೇಡಂನಲ್ಲಿ, ಮುತ್ಯಾನ ಮನೆಯಲ್ಲಿ. ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ಅಜ್ಜಿಯನ್ನು ಆಯಿ ಅನ್ನುತ್ತಿದ್ದೆವು. ಮುತ್ಯಾನದು ಪರ್ಸಿಕಲ್ಲಿನ, ಎಂದರೆ ಹಾಸುಗಲ್ಲಿನ, ಖಣಿ. ಹೀಗಾಗಿ ನಮ್ಮ ಮನೆಯ ನೆಲ ಪರ್ಸಿ, ಗೋಡೆ ಪರ್ಸಿ, ಒಲೆಯ ಪಕ್ಕದ ಕಟ್ಟೆ ಪರ್ಸಿ, ಬಟ್ಟೆ ಒಗೆಯುವ ಕಲ್ಲು ಪರ್ಸಿ. ಮಾಳಿಗೆಗೂ ತೊಲೆಗಳ ಮೇಲೆ ಪರ್ಸಿ ಹಾಸಿ ಮಣ್ಣು ಮುಚ್ಚಿದ್ದರು. ಬೇಸಿಗೆಯಲ್ಲಿ ಪಡಸಾಲೆಯ ಪರ್ಸಿಗೆ ನೀರು ಚಿಮುಕಿಸಿ ಬರಿ ಮೈಯಲ್ಲಿ ಮಲಗಿದರೆ ಆಹಾ, ಆ ತಂಪು ನನಗೆ ಮತ್ತೆ ಎಲ್ಲಿಯೂ ಸಿಕ್ಕಿಲ್ಲ. ಇಂಥ ಕಲ್ಲಿನ ಮನೆಯಲ್ಲಿ, ಎಲ್ಲರೂ ಊಟಕ್ಕೆ ಕೂತಾಗ, ಜೋಳದ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಳ್ಳುತ್ತಿದ್ದ ಒಂದು ಚೋಟುದ್ದದ ಹುಡುಗಿ ತಲೆ ಎತ್ತಿ ತನ್ನ ಅವ್ವ ಮಾಳಿಗೆ ಹೊಲಿಯುತ್ತಿದ್ದಳು ಅಂದಳು. ಮೊದಲು ಬಿದ್ದು ಬಿದ್ದು ನಕ್ಕವಳು ಗಂಗತ್ತೆ, ನನ್ನ ಅಪ್ಪನ ತಂಗಿ, ಆಗ ಇನ್ನೂ ಲಂಗ ತೊಡುತ್ತಿದ್ದ ಹುಡುಗಿ.

“ಯವ್ವಾ, ಕೇಳ್ರಿಲ್ಲೆ! ಪರ್ಸಿಗಿ ಸೂಜಿ ಚುಚ್ಚತಿದ್ಳಂತ ಈಕಿ ಅವ್ವ!”

“ಖರೇ ಅತ್ತಿ. ಕೆಂಪ ದಾರ ಇತ್ತು.”

“ಕನಸ ಕಂಡಿದ್ದಿ,” ಅಂದಳು ಆಯಿ. ಅವಳು ನಗಲಿಲ್ಲ. “ಸುಮ್ಮಕ ಉಣ್ಣು.”

ಅಂದಿನಿಂದ ಅದು ಮನೆಯ ನಗೆಚಾಟಿಕೆಯಾಯಿತು. ಲಂಗ ಹರಿದುಕೊಂಡು ಬಂದರೆ ‘ಮಾಳಗಿ ಹೊಲಿದಾಕಿ ಮಗಳಿಗಿ ಲಂಗ ಹೊಲಿಯಾಕ ಬರಂಗಿಲ್ಲೇನು’. ಮಳೆಗಾಲದಲ್ಲಿ ಪಡಸಾಲೆ ಸೋರಿದರೆ ‘ಕರೀರಿ ಈಕಿ ಅವ್ವನ್ನ’. ಸತ್ತವಳನ್ನು ಹೇಗೆ ಕರೆಯುತ್ತಾರೆ ಅಂತ ಆಗ ಯಾರಿಗೂ ಅನ್ನಿಸಲಿಲ್ಲ, ನನಗೊಬ್ಬಳಿಗೆ ಅನ್ನಿಸುತ್ತಿತ್ತು. ಅಪ್ಪನಿಗೆ ವಾಡಿಯಲ್ಲಿ ರೈಲಿನ ನೌಕರಿ, ಮನೆಗೆ ಬರುವುದು ರಜೆ ಸಿಕ್ಕರೆ. ಒಂದು ಸಲ ಅವನ ಹೆಗಲಿಗೆ ಜೋತು ಬಿದ್ದು ಅವ್ವ ಮಾಳಿಗೆ ಹೊಲಿಯುತ್ತಿದ್ದಳಲ್ಲ ಅಪ್ಪ ಅಂತ ಕೇಳಿದೆ. ಅವನು ನನ್ನನ್ನು ಮೆಲ್ಲಗೆ ಕೆಳಗಿಳಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಆಮೇಲೆ ನಾನು ಅವನನ್ನು ಕೇಳಲಿಲ್ಲ.

ನಮ್ಮ ಮನೆಯಲ್ಲಿ ಮತ್ತೂ ಎರಡು ವಿಚಿತ್ರಗಳಿದ್ದವು. ಒಂದು, ಇಲಿ. ಆಯಿಗೆ ಇಲಿಯ ಮೇಲೆ ಇದ್ದ ಸಿಟ್ಟು ಹಾವಿನ ಮೇಲೂ ಇರಲಿಲ್ಲ. ಊಟವಾದ ಮೇಲೆ ಮೂರು ಮೂರು ಸಲ ಕಸಬರಿಗೆ ಆಡಿಸುವಳು. ರೊಟ್ಟಿಯ ಚೂರು ಒಂದು ಬಿದ್ದಿದ್ದರೆ ಬೀಳಿಸಿದವರಿಗೆ ಬೈಗುಳ, ನೋಡಿಯೂ ಎತ್ತದವರಿಗೆ ಇನ್ನಷ್ಟು ಬೈಗುಳ. ಮುತ್ಯಾ ‘ಗಣಪತಿ ವಾಹನ ಅದು, ಇರಲಿ ಬಿಡು’ ಅಂತ ಒಮ್ಮೆ ಚೇಷ್ಟೆ ಮಾಡಿದ್ದಕ್ಕೆ ಎರಡು ದಿನ ಅವನಿಗೆ ಬಡಿಸಲಿಲ್ಲ, ಗಂಗತ್ತೆಯೇ ಬಡಿಸಿದಳು. ಇನ್ನೊಂದು, ಕೌದಿ. ನಮ್ಮ ಓಣಿಯಲ್ಲಿ ಬೇಸಿಗೆ ಬಂತೆಂದರೆ ಮನೆಮನೆಯ ಕಟ್ಟೆಯ ಮೇಲೆ ಹೆಂಗಸರು ಹಳೆ ಸೀರೆ ಹಾಸಿ, ಕುಬಸದ ತುಂಡು, ಧೋತರದ ತುಂಡು ಹಚ್ಚಿ ಕೌದಿ ಹೊಲಿಯುತ್ತ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಸೋಲಾಪುರದ ಚಾದರ. ಹಳೆ ಸೀರೆಗಳನ್ನು ಆಯಿ ಓಣಿಗೆ ಬರುವ ಬೋಹಾರಿಗೆ ಹಾಕಿ ಪಾತ್ರೆ ತಗೊಳ್ಳುವಳೇ ಹೊರತು ಕೌದಿಗೆ ಕೊಡಲಿಲ್ಲ. ಎಲ್ಲ ಮಕ್ಕಳೂ ಅವರವರ ಅವ್ವನ ಸೀರೆಯ ಕೆಳಗೆ ಮಲಗುವಾಗ ನಾನೊಬ್ಬಳು ಚುಚ್ಚುವ ಚಾದರದ ಕೆಳಗೆ ಮಲಗಬೇಕಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಪಕ್ಕದ ಮನೆಯ ಕಾಕುವಿನ ಕಟ್ಟೆಯ ಮೇಲೆ ನಾನೂ ಕೂತಿದ್ದೆ. ಕೌದಿ ಮುಗಿಯಲು ಬಂದಿತ್ತು. ನಮ್ಮ ಕಡೆ ಕೌದಿಯ ಕೊನೆಯ ಮೂಲೆಯನ್ನು ಹಾಗೇ ಹೊಲಿದು ಮುಚ್ಚುವುದಿಲ್ಲ. ಒಳಗೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಹೊಲಿಯುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತಾರೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವಂತೆ. ‘ಹೋಗು, ನಿಮ್ಮ ಮನ್ಯಾಗಿಂದ ಒಂದ್ ಚೂರ ರೊಟ್ಟಿ ತಗೊಂಡು ಬಾ, ನೀನೇ ತುಂಬಸವಂತಿ’ ಅಂದಳು ಕಾಕು. ನಾನು ಕುಣಿಯುತ್ತಾ ಹೋಗಿ ಬುಟ್ಟಿಯಿಂದ ರೊಟ್ಟಿ ಮುರಿದುಕೊಂಡೆ. ಆಯಿ ಕೇಳಿದಳು, ನಾನು ಹೇಳಿದೆ. ಅವಳ ಮುಖ ಸುಣ್ಣದಂತಾಯಿತು. ನನ್ನ ರಟ್ಟೆ ಹಿಡಿದು ಜಗ್ಗಿ, ಕೈಯ ರೊಟ್ಟಿ ಕಿತ್ತುಕೊಂಡು ಒಲೆಗೆ ಎಸೆದಳು.

“ಸಾಕವ್ವ ಸಾಕು! ಈ ಮನ್ಯಾಗ ಹೊಟ್ಟಿ ತುಂಬಿಸಿದ್ದು ಸಾಕು! ಸೂಜಿ ಮುಟ್ಟಿದಿ ಅಂದ್ರ ಕೈ ಮುರದೇನು!”

ಅನ್ನ ರೊಟ್ಟಿಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದ ಮುದುಕಿ ರೊಟ್ಟಿಯನ್ನು ಬೆಂಕಿಗೆ ಹಾಕಿದ್ದನ್ನು ನಾನು ಆವತ್ತೊಂದೇ ದಿನ ನೋಡಿದ್ದು. ಜಗಳ ಬೆಳೆಯಿತು. ಕಾಕು ಮತ್ತು ಆಯಿ ಒಂದು ಪಂಚಮಿಯಿಂದ ಇನ್ನೊಂದು ಪಂಚಮಿಯವರೆಗೆ ಮಾತು ಬಿಟ್ಟರು. ನಾನು ಹಿತ್ತಲಿಗೆ ಹೋಗಿ ಮೋಟರ್ ಖೋಲಿಯಲ್ಲಿ ಕೂತು ಅತ್ತೆ. ಮೋಟರ್ ಖೋಲಿ ಎಂದು ಹೆಸರೇ ಹೊರತು ಅಲ್ಲಿ ಮೋಟರ್ ಇರಲಿಲ್ಲ, ತೊಗರಿ ಕಟ್ಟಿಗೆ ಒಟ್ಟಿದ್ದರು. ಮುತ್ಯಾನ ಹತ್ತಿರ ಒಂದು ಕಾಲಕ್ಕೆ ಹೈದರಾಬಾದಿನಿಂದ ತಂದ ವಿಲಾಯತಿ ಕಾರು ಇತ್ತಂತೆ. ಅದರ ಗುರುತಾಗಿ ನೆಲದ ಪರ್ಸಿಯ ಮೇಲೆ ಎಣ್ಣೆಯ ಕರಿ ಕಲೆಯೊಂದು ಉಳಿದಿತ್ತು. ಕೆಲವು ಸಂಜೆ ಮುತ್ಯಾ ಅಲ್ಲಿಗೆ ಬಂದು, ಕಟ್ಟಿಗೆಯ ಹೊರೆಯ ಮೇಲೆ ಕೂತು, ಆ ಕಲೆಯನ್ನೇ ನೋಡುತ್ತಿದ್ದ. ಮೋಟರ್ ಎಲ್ಲಿ ಹೋಯಿತು ಅಂತ ಕೇಳಿದರೆ ಆಯಿಯ ಉತ್ತರ ಸಿದ್ಧವಿತ್ತು: ‘ನೀ ಹುಟ್ಟೋಕಿಂತ ಮದಲೇ ಹೋತು ಅದು.’ ನಾನೇಕೆ ಅನುಮಾನಪಡಲಿ? ಕಲೆಯ ಮೇಲೆ ಕೂತು, ತಾಟು ತಿರುಗಿಸುತ್ತಾ, ಬಾಯಲ್ಲಿ ಬುರ್ ಅನ್ನುತ್ತಾ ಎಷ್ಟೋ ಸಲ ಅವ್ವನನ್ನು ಹುಡುಕಿಕೊಂಡು ಹೋಗಿದ್ದೇನೆ.

ಹಾಗೇ ಬೆಳೆದೆ. ಶಹಾಬಾದದಲ್ಲಿ ಶಾಲೆಯ ಅಕ್ಕಾರ, ಎಂದರೆ ಟೀಚರು, ಆದೆ, ಮದುವೆಯಾಯಿತು, ಮಗಳು ಹುಟ್ಟಿದಳು. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಾಗೆಲ್ಲ ಆ ಕೆಂಪು ದಾರ ನೆನಪಾಗುತ್ತಿತ್ತು. ಆದರೆ ಮಗಳಿಗೆ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ನನಗೇ ಅದರ ಮೇಲೆ ನಂಬಿಕೆ ಹೋಗಿತ್ತು. ಕಲ್ಲಿನ ಮಾಳಿಗೆಯನ್ನು ಯಾರು ಹೊಲಿಯುತ್ತಾರೆ? ತಾಯಿ ಇಲ್ಲದ ಕೂಸು ಯಾವುದೋ ಕನಸನ್ನು ತಾಯಿ ಅಂದುಕೊಂಡಿತು, ಅಷ್ಟೇ. ಆ ಕೈ ಸುಳ್ಳಾದರೆ ಆ ತೊಡೆಯೂ ಸುಳ್ಳು. ಆ ತೊಡೆ ಸುಳ್ಳಾದರೆ ಅವ್ವ ನನ್ನನ್ನು ಒಮ್ಮೆಯಾದರೂ ಎತ್ತಿಕೊಂಡಿದ್ದಳು ಎಂಬುದಕ್ಕೆ ನನ್ನ ಹತ್ತಿರ ಸಾಕ್ಷಿಯೇ ಇಲ್ಲ. ಯಾರಿಗೂ ಹೇಳದೆ ನುಂಗಿಕೊಂಡಿದ್ದ ದುಃಖ ಇದು. ಮುತ್ಯಾ, ಆಯಿ, ಅಪ್ಪ ಒಬ್ಬೊಬ್ಬರಾಗಿ ಹೋದರು. ಸೇಡಂ ಮನೆ ಕೈಬದಲಾಯಿತು.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಬೆಳಿಗ್ಗೆ ಫೋನ್ ಬಂತು. ಚಿಂಚೋಳಿ ಕಡೆಯ ಐನಾಪುರದಲ್ಲಿ ಮುತ್ಯಾನ ತಂಗಿಯ ಮನೆತನವಿದೆ. ಅವಳ ಮೊಮ್ಮಗ ಶರಣು ಮಾಡಿದ್ದ.

“ಅಕ್ಕಾ, ನಿಮ್ಮ ಮುತ್ಯಾನ ಮೋಟರ್ ಸಿಕ್ಕದ ನೋಡ್ರಿ! ಮಳಿಗಿ ನಮ್ಮ ಹೊಲದಾಗಿನ ಹಳೀ ಕೊಟ್ಟಿಗಿ ಬಿತ್ತು. ಜ್ವಾಳದ ಕಣಕಿ ತೆಗದು ನೋಡ್ತೀವಿ, ಅಡ್ಯಾಗ ಮೋಟರ್! ಇಂಥಾವು ಹುಡುಕಿ ಒಯ್ಯೋ ಸಾಹೇಬರು ಒಬ್ರು ಹೈದರಾಬಾದಿನಿಂದ ಬಂದಾರ. ನಿಮಗೊಂದ್ ಮಾತು ಹೇಳದ ಕೊಡೋದು ಚಂದ ಕಾಣಲ್ಲಂತ ಮಾಡ್ದೆ.”

“ಒಯ್ಯಲಿ ಬಿಡಪಾ. ನಾ ಹುಟ್ಟೋಕಿಂತ ಮದಲಿಂದು ಅದು.”

“ಒಂದ್ ಮಜಾ ಕೇಳ್ರಿ. ಒಳಗ ಛತ್ತಿನ ಅರಬಿ ಹರದಿತ್ತು ಕಾಣಸ್ತದ. ಯಾರೋ ಪುಣ್ಯಾತ್ಗಿತ್ತಿ ಕೌದಿಗತೆ ತ್ಯಾಪಿ ಹಚ್ಚಿ ಹೊಲದಾಳ! ಮೋಟರಿಗಿ ಕೌದಿ! ಸಾಹೇಬರು ನಕ್ಕಿದ್ದೇ ನಕ್ಕಿದ್ದು.”

ನನ್ನ ಕೈಯಲ್ಲಿದ್ದ ಚಹದ ಕಪ್ಪು ಕೆಳಗಿಟ್ಟದ್ದು ನೆನಪಿಲ್ಲ.

“ದಾರ ಯಾವ ಬಣ್ಣದ್ದದ?”

“ಏನ್ರಿ?”

“ದಾರ, ಮಾರಾಯಾ, ದಾರ! ಯಾವ ಬಣ್ಣ?”

“ಕೆಂಪ ಕಾಣಸ್ತದ್ರಿ. ಇರಲಿ ಬಿಡ್ರಿ, ಹಳೀದಾಗಿ ಕುಂಬಾಗ್ಯದ. ಅದನ್ನೆಲ್ಲ ಇವತ್ತೇ ಕಿತ್ತಿ ಒಗೀತಾರ.”

ಮುಟ್ಟಬ್ಯಾಡ್ರಿ ಅಂತ ಹೇಳು, ನಾ ಬರ್ಲಿಕತ್ತೀನಿ ಎಂದು ಕೂಗಿದೆ. ಆಮೇಲೆ ಬಸ್‌ಸ್ಟ್ಯಾಂಡಿಗೆ ಹೋಗುತ್ತಾ ಎಷ್ಟು ಸಲ ಮಾಡಿದರೂ ಆ ಪುಣ್ಯಾತ್ಮ ಫೋನ್ ಎತ್ತಲಿಲ್ಲ. ಗಂಗತ್ತೆಗೂ ಮಾಡಿದೆ, ಅವಳು ಎತ್ತಿದಳು. ಎಂಬತ್ತರ ಸಮೀಪದ ಅವಳು ಈಗ ಸೇಡಂನಲ್ಲಿ ಮಗನ ಮನೆಯಲ್ಲಿದ್ದಾಳೆ. ಅವಳಿಗೇಕೆ ಫೋನ್ ಮಾಡಿದೆನೆಂದರೆ, ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಬಾ, ಕಣ್ಣಾರೆ ನೋಡು ಅನ್ನಬೇಕಾಗಿತ್ತು ನನಗೆ. ಮೋಟರ್ ಸಿಕ್ಕ ಸುದ್ದಿ ಹೇಳಿದೆ. ‘ಸ್ಟ್ಯಾಂಡಿನಾಗ ನಿಂತಿರ್ತೀನಿ’ ಅಂದಳು. ಚಿತ್ತಾಪುರ ದಾಟಿ ಸೇಡಂ ಮುಟ್ಟುವವರೆಗೆ ಆ ಬಸ್ಸು ಕೈ ತೋರಿಸಿದವರಿಗೆಲ್ಲ ನಿಂತಿತು. ಒಬ್ಬನಂತೂ ಕುರಿ ಹತ್ತಿಸಲು ಬಂದು ಕಂಡಕ್ಟರನ ಜೊತೆ ವಾದಕ್ಕೆ ನಿಂತ. ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವುದು ಬೇಡ, ಅಕ್ಕಾರ ಆಗಿದ್ದವಳು ನಾನು. ಸೇಡಂನಲ್ಲಿ ಗಂಗತ್ತೆಯನ್ನು ಕರೆದುಕೊಂಡು ಚಿಂಚೋಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳು ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಸಾಮಾನ್ಯವಾಗಿ ಅವಳ ಬಾಯಿ ಅರಳು ಹುರಿದ ಹಾಗೆ.

ಹೊಲ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಬಿದ್ದ ಕೊಟ್ಟಿಗೆಯ ನಡುವೆ ಕಾರು ನಿಂತಿತ್ತು. ಗಾಲಿಗಳಿರಲಿಲ್ಲ, ಕೆಳಗೆ ಪರ್ಸಿಕಲ್ಲು ಒಟ್ಟಿದ್ದರು, ಮುತ್ಯಾನ ಖಣಿಯವೇ ಇರಬೇಕು. ಹಸಿರು ಬಣ್ಣ ಅಲ್ಲಲ್ಲಿ ಉಳಿದಿತ್ತು. ಬಾಗಿಲ ಬುಡದಲ್ಲಿ ಹರಿದೆಸೆದ ಅರಿವೆಯ ರಾಶಿ. ಒಳಗೆ ಒಬ್ಬ ಮೆಕ್ಯಾನಿಕ್ ಬ್ಲೇಡು ಹಿಡಿದು ಮೇಲೆ ಕೈ ಎತ್ತಿದ್ದ.

“ಏ ನಿಂದ್ರಪಾ! ಕೈ ತೆಗಿ! ಕೈ ತೆಗಿ ಮದಲ!”

ಅವನು ಗಾಬರಿಯಾಗಿ ಬ್ಲೇಡು ಬಿಟ್ಟ. ಬಿಳಿ ಗಡ್ಡದ ಸಾಹೇಬರು ಮರದ ನೆರಳಿನಿಂದ ಎದ್ದು ಬಂದರು.

“ಆರಾಮ್, ಅಮ್ಮಾ, ಆರಾಮ್. ಮುಂದಿಂದಷ್ಟೇ ತೆಗದದ. ಹಿಂದಿಂದು ಇನ್ನಾ ಮುಟ್ಟಿಲ್ರಿ.”

ಹಿಂದಿನ ಒಂದೇ ಬಾಗಿಲು ತೆರೆಯುತ್ತಿತ್ತು. ಮಂಡಿ ಹಿಡಿದುಕೊಂಡು ಒಳಗೆ ಹೊಕ್ಕೆ. ಕಣಕಿಯ ಧೂಳು, ಹಳೆ ಎಣ್ಣೆಯ ವಾಸನೆ. ಮೇಲೆ ನೋಡಿದೆ. ಮಾಸಿದ ಬಿಳಿ ಅರಿವೆಯ ಛತ್ತು, ಅದರಲ್ಲಿ ರೊಟ್ಟಿಯಷ್ಟಗಲದ ಒಂದು ಖಣದ ತುಂಡು, ಸುತ್ತಲೂ ಸಾಲುಸಾಲಾಗಿ ಕೌದಿಯ ಹೊಲಿಗೆ. ಕೆಂಪು ದಾರ. ಗಂಟು ಹಾಕಿದ ಮೇಲೆ ದಾರವನ್ನು ಹಲ್ಲಿನಿಂದ ಕಡಿಯುವುದು ನಮ್ಮ ಹೆಂಗಸರ ರೂಢಿ. ಮೇಲಿನ ಛತ್ತಿಗೆ ಬಾಯಿ ಎಟುಕಿಲ್ಲ, ಹಾಗಾಗಿ ದಾರದ ತುದಿ ಉದ್ದಕ್ಕೆ ಜೋತುಬಿದ್ದಿತ್ತು. ನನ್ನ ಮೂಗಿಗೆ ತಾಗಿದ ತುದಿ. ತುಂಡಿನ ಒಂದು ಮೂಲೆಯನ್ನು ಮಾತ್ರ ಯಾವುದೋ ಪ್ರಾಣಿ ಕಡಿದು ತೂತು ಮಾಡಿತ್ತು. ನನಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ, ಶರಣು ಹೆದರಿ ನೀರು ತರಲು ಓಡಿದ. ಗಂಗತ್ತೆ ಆ ಕಡೆಯಿಂದ ಸರಿದು ಸರಿದು ಒಳಗೆ ಬಂದು, ಸೀಟಿನ ಮೂಲೆಯಲ್ಲಿ ಕೂತು, ತೊಡೆ ತಟ್ಟಿದಳು.

“ಬಾ. ಇಲ್ಲಿ ತಲಿ ಇಡು.”

ಇಟ್ಟೆ. ಮೊಣಕಾಲು ಮಡಚಿ, ನೆರೆತ ತಲೆಯನ್ನು ಅವಳ ಮುದಿ ತೊಡೆಯ ಮೇಲಿಟ್ಟು ಮೇಲೆ ನೋಡಿದೆ. ಮಾಳಿಗೆ ಬಹಳ ಕೆಳಗೆ, ಮುಖದ ಹತ್ತಿರವೇ ಇತ್ತು.

“ನಿಮ್ಮವ್ವ ಮಾಳಗಿ ಹೊಲಿದಿದ್ದು ಖರೇ ಅದವ್ವ,” ಅಂದಳು ಗಂಗತ್ತೆ. “ಮುತ್ಯಾ ಖಣಿ ಸಬ್ಬಲ ಹಾರಿ ಇದರಾಗೇ ಹಾಕ್ಕೊಂಡು ಬಂದು ಛತ್ತ ಹರದಿದ್ದ. ಇಷ್ಟ ಚಂದನ ಮೋಟರ್ ಹಿಂಗ ಹರಕ ಇರಬಾರದಂತ ನಮ್ಮ ವೈನಿ, ನಿಮ್ಮವ್ವ, ತನ್ನ ಕುಬಸದ ಖಣ ತಂದು ಹೊಲಿದ್ಳು. ನಾ ಮುಂದಿನ ಸೀಟಿನಾಗ ಕುಂತು ಸೂಜಿಗಿ ದಾರ ಪೋಣಸಿ ಕೊಡ್ತಿದ್ದೆ. ನೀ ಇಲ್ಲೇ, ಹಿಂಗೇ ಮಲಗಿದ್ದಿ.”

“ಮತ್ಯಾಕ? ಮತ್ಯಾಕ ನಕ್ಕಿ ಅತ್ತಿ?”

“ಮೂಲಿ ಮುಚ್ಚೂ ಮುಂದ ನಮ್ಮವ್ವ, ನಿಮ್ಮ ಆಯಿ, ಬಂದು ನೋಡಿದ್ಳು. ‘ಹಸದಿದ್ದು ತಲಿಮ್ಯಾಗ ಇರಬಾರದು, ಹೊಟ್ಟಿ ತುಂಬಸ’ ಅಂತ ತಾನೇ ಶೇಂಗಾ ಹೋಳಿಗಿ ಮುರದು ಕೊಟ್ಳು. ವೈನಿ ಇಟ್ಟು ಹೊಲಿದ್ಳು. ಆ ಹೋಳಿಗಿ ವಾಸನಿಗಿ ಇಲಿ ಬಂದ್ವು. ಬಂದವು ಹೋಳಿಗಿ ತಿಂದು ಸುಮ್ಮಿದ್ವಾ? ವಾಯರ್ ಎಲ್ಲಾ ಕಡದ್ವು. ಯಾರಿಗೂ ತಿಳೀಲಿಲ್ಲ. ವೈನಿಗಿ ಬ್ಯಾನಿ ಎದ್ದ ದಿನ ಕೂಸು ಅಡ್ಡಾಗಿತ್ತು. ಶಹಾಬಾದ ದವಾಖಾನಿಗಿ ಒಯ್ಯಬೇಕಂತ ಎಲ್ರೂ ಕೂಡಿ ಇದೇ ಸೀಟಿನ ಮ್ಯಾಲ ಮಲಗಿಸಿದ್ವಿ. ಮೋಟರ್ ಚಾಲೂನೇ ಆಗಲಿಲ್ಲ. ಬಂಡಿ ಕಟ್ಟಿ ಸ್ಟೇಷನ್‌ಗಿ ಒಯ್ದ್ರು. ರೈಲು ಬರೂದ್ರಾಗ…”

ಅವ್ವನ ದಿನಕರ್ಮ ಮುಗಿಯುವ ಮೊದಲೇ ಆಯಿ ಎತ್ತು ಕಟ್ಟಿ ಕಾರನ್ನು ಐನಾಪುರಕ್ಕೆ ಎಳೆಸಿ ಕಳಿಸಿದಳಂತೆ, ಕಣ್ಣೆದುರು ಇದ್ದರೆ ತಾನು ಬದುಕುವುದಿಲ್ಲ ಅಂದಳಂತೆ. ಗಂಗತ್ತೆಯ ಕೈಯನ್ನು ಲಿಂಗದ ಮೇಲೆ ಇಡಿಸಿ ಆಣೆ ತಗೊಂಡಳಂತೆ, ಈ ಕೂಸಿಗೆ ಹೇಳಬಾರದು, ಕೇಳಿದರೆ ಕನಸು ಅನ್ನಬೇಕು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿನ್ನ ಹೋಳಿಗೆಯನ್ನು ಮುಚ್ಚಿಡಲು ನನ್ನ ಅವ್ವನನ್ನೇ ಸುಳ್ಳು ಮಾಡಿದೆಯಲ್ಲ ಮುದುಕಿ ಎಂದು ಕೂಗಬೇಕೆನಿಸಿತು. ಕೂಗಿದರೆ ಕೇಳಲು ಆಯಿ ಎಲ್ಲಿದ್ದಾಳೆ? ಎದುರಿಗಿದ್ದವಳು ಗಂಗತ್ತೆ. ಅವಳ ಕಣ್ಣೀರು ನನ್ನ ಹಣೆಯ ಮೇಲೆ ಬೀಳುತ್ತಿತ್ತು. ಆಣೆ ಮುರಿದದ್ದಕ್ಕೆ ಲಿಂಗವನ್ನು ಕಣ್ಣಿಗೊತ್ತಿಕೊಳ್ಳುತ್ತಾ ‘ತಪ್ಪಾತು’ ಅನ್ನುತ್ತಿದ್ದಳು, ನನಗೋ ಲಿಂಗಕ್ಕೋ ನನಗೆ ತಿಳಿಯಲಿಲ್ಲ. ಸಿಟ್ಟು ಇಳಿಯಿತೆಂದು ಸುಳ್ಳು ಹೇಳುವುದಿಲ್ಲ. ಆದರೂ ಕೇಳಬೇಕಾದದ್ದನ್ನು ಕೇಳಿದೆ.

“ದಾರ ನನ್ನ ಮೂಗಿಗಿ ತಾಗಿತ್ತೇನ ಅತ್ತಿ?”

“ತಾಗಿತ್ತು. ನೀ ನಕ್ಕಿ. ನೀ ನಕ್ಕಿದ್ದು ನೋಡಿ ವೈನಿ ನಕ್ಳು. ಆಕಿ ನಗೂ ಮುಂದ ಮೈಯೆಲ್ಲ ಅಳ್ಳಾಡತಿತ್ತವ್ವ, ಸಪ್ಪಳ ಇರ್ತಿದ್ದಿಲ್ಲ. ನೀ ತೊಡಿಮ್ಯಾಗ ಕುಣದಂಗ ಆಗ್ತಿದ್ದಿ. ಸೂಜಿ ಚುಚ್ಚೀತು ನಿಂದ್ರಿ ವೈನಿ ಅಂತ ನಾ ಚೀರಿದ್ದೆ.”

ತೊಡೆ ನಕ್ಕು ಅಲುಗಾಡಿದ್ದನ್ನು ನಾನು ಯಾರಿಗೂ ಎಂದೂ ಹೇಳಿರಲಿಲ್ಲ.

ಸಾಹೇಬರು ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಮ್ಮ ಅಮ್ಮೀನೂ ಗೋದಡಿ ಹೊಲೀತಿದ್ಳು ಅಂದರು. ಮೆಕ್ಯಾನಿಕ್‌ನನ್ನು ದೂರ ಕಳಿಸಿ, ತಾವೇ ಬ್ಲೇಡು ಹಿಡಿದು, ಹೊಲಿಗೆಗೆ ತಾಗದಂತೆ ಸುತ್ತಲೂ ಕುಯ್ದು, ಛತ್ತಿನ ಹಿಂದಿನ ಭಾಗವನ್ನು ಮಡಚದೆ ಎರಡೂ ಅಂಗೈ ಮೇಲೆ ಹಾಸಿ ನನಗೆ ಕೊಟ್ಟರು. ಕಾರನ್ನು ಅವರು ಒಯ್ದರು. ಅದು ಈಗ ಹೈದರಾಬಾದಿನಲ್ಲಿ ಹೊಸ ಬಣ್ಣ, ಹೊಸ ಛತ್ತು ಹಾಕಿಸಿಕೊಂಡು ಓಡಾಡುತ್ತಿದೆಯಂತೆ, ಫೋಟೋ ಕಳಿಸಿದ್ದರು. ಚಂದ ಇದೆ. ಗಂಗತ್ತೆಯನ್ನು ನಾನು ಸೇಡಂನಲ್ಲಿ ಇಳಿಯಗೊಡಲಿಲ್ಲ, ನನ್ನ ಜೊತೆಗೇ ಶಹಾಬಾದಕ್ಕೆ ಕರೆತಂದೆ. ಮರುದಿನ ಊಟವಾದ ಮೇಲೆ ಪರ್ಸಿಯ ಮೇಲೆ ಆ ಅರಿವೆಯನ್ನು ಹಾಸಿಕೊಂಡು ಕೂತೆ. ಕುಂಬಾದ ಬಟ್ಟೆಗೆ ಕೆಳಗೊಂದು ಹಳೆ ಸೀರೆ ಕೊಟ್ಟು, ಇಲಿ ಕಡಿದ ಮೂಲೆಗೆ ನನ್ನದೊಂದು ಕುಬಸದ ತುಂಡು ಹಚ್ಚಿದೆ. ನನಗೆ ಕೌದಿ ಹೊಲಿಯಲು ಬರುವುದಿಲ್ಲ, ಕಲಿಸಿದವರಿಲ್ಲ. ಗಂಗತ್ತೆ ಒಂದು ತುದಿ ಹಿಡಿದು ಹೀಗಲ್ಲ ಹಾಗೆ ಎಂದು ಹೇಳಿಕೊಡುತ್ತಿದ್ದಳು. ಹೊಲಿಗೆ ಎಲ್ಲ ಸೊಟ್ಟ. ಕೊನೆಯ ಬದಿ ಮುಚ್ಚುವುದು ಉಳಿ‌ದಾಗ ಎದ್ದು ಅಡುಗೆಮನೆಗೆ ಹೋಗಿ, ಬುಟ್ಟಿಯಿಂದ ಒಂದು ಚೂರು ರೊಟ್ಟಿ ಮುರಿದುಕೊಂಡು ಬಂದೆ. ಗಂಗತ್ತೆ ನನ್ನ ಕೈ ಹಿಡಿದಳು.

“ಬ್ಯಾಡವ್ವ. ಇಲಿ ಬರ್ತಾವ.”

“ಬರಲಿ ಬಿಡು ಅತ್ತಿ. ಆಯಿ ಹೇಳಿದ್ದು ತಪ್ಪಿದ್ದಿಲ್ಲ. ಹಸದಿದ್ದನ್ನ ಹಂಗೇ ಹೊಲದು ಮುಚ್ಚಬಾರದು.”

ಅವಳು ಕೈ ಬಿಟ್ಟಳು. ರೊಟ್ಟಿಯ ಚೂರನ್ನು ಒಳಗಿಟ್ಟು ಹೊಲಿದೆ, ಗಂಟು ಹಾಕಿದೆ, ಬಾಗಿ ದಾರವನ್ನು ಹಲ್ಲಿನಿಂದ ಕಡಿದೆ. ಪಕ್ಕದಲ್ಲಿ ಅವ್ವನ ದಾರದ ತುದಿ ಹಾಗೇ ಇತ್ತು. ಅದನ್ನು ನಾನು ಕಡಿಯಲಿಲ್ಲ.